ಎಕ್ಕೆ ಗಿಡಕ್ಕಾಗಿ ಬಾಗಿದ ಗೋಡೆ

ಈ ಎಕ್ಕೆ ಗಿಡ ಉಳಿಸಿಕೊಳ್ಳಲು ನಾನು ಮೂರು ಅಡಿ ಸ್ವಂತ ಜಾಗ ಕೊಟ್ಟೆ. ಶಹಾಪುರದ ಓಣಿ ಓಣಿಗಳಲ್ಲಿ ಸೀರೆ ಗಂಟು ಹೊತ್ತು ಮಾರಿ ಕೊಂಡ ಜಾಗ. ಒಂದು ಗೇಣನ್ನೂ ಯಾರಿಗೂ ಬಿಟ್ಟುಕೊಟ್ಟವಳಲ್ಲ ನಾನು. ಆದರೂ ಬಿಟ್ಟೆ, ಯಾಕಂದರೆ ಎಲೆಗಳ ತುಂಬ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುಗಳಿದ್ದವು. ಅವೇ ಕೇಸರಿ ಚಿಟ್ಟೆಗಳಾಗಿ ನನ್ನ ಚೆಂಡುಹೂವಿನ ಮೇಲೆ ಕೂರುವುದನ್ನು ಹಿಂದಿನ ವರ್ಷ ಕಣ್ಣಾರೆ ನೋಡಿದ್ದೆ.

ಕಂಪೌಂಡ್ ಕಟ್ಟುವ ದಿನ ಅತ್ತೆ ಕೊಡಲಿ ತರಿಸಿದರು. “ಅಂಗಳದಾಗ ಎಕ್ಕಿ ಇದ್ದ ಮನಿ ಉದ್ಧಾರ ಆಗೂದಿಲ್ಲವಾ, ಕಡಸಿಬಿಡು.”

“ಅಂಗಳದಾಗ ಇರಬಾರದು, ಅಷ್ಟ ಹೌದಿಲ್ರಿ ಅತ್ತಿ?” ಅಂದವಳೇ ಗೌಂಡಿಯ ಕಡೆ ತಿರುಗಿದೆ. “ಇಲ್ಲಿ ಗ್ವಾಡಿ ಮೂರು ಅಡಿ ಒಳಗ ತಗೋ. ಗಿಡ ಹೊರಗಾತು.”

ಗೌಂಡಿ ನಕ್ಕ. “ಅಕ್ಕಾರ, ಮಂದಿ ಓಣಿ ಜಾಗಾ ಒಳಗ ಹಾಕ್ಕೋತಾರ. ನೀವು ನಿಮ್ಮ ಜಾಗಾನ ಓಣಿಗಿ ಬಿಡಾಕತ್ತೀರಲ್ರಿ!”

“ಬಿಡಾಕತ್ತೇನಿ. ನೀ ಕಟ್ಟು.”

ಅತ್ತೆ ಎರಡು ದಿನ ಮಾತು ಬಿಟ್ಟರು. ಈಗ ಪ್ರತಿ ಶನಿವಾರ ಹನುಮಪ್ಪನ ಹಾರಕ್ಕೆ ಅದೇ ಗಿಡದ ಹೂವು ಅವರಿಗೇ ಬೇಕು. ಕೊಡುತ್ತೇನೆ, ಆದರೆ ಹುಳು ಇರುವ ಟೊಂಗೆ ಮುಟ್ಟುವ ಹಾಗಿಲ್ಲ.

ನಿಮ್ಮ ಮನೆಗೂ ಯಾರಾದರೂ ಕೊಡಲಿ ತಂದರೆ, ಮೊದಲು ಎಲೆ ಮಗುಚಿ ನೋಡಿ. ಹುಳು ಕಂಡರೆ ಔಷಧ ಹೊಡೆಯಬೇಡಿ. ಎಕ್ಕೆಯ ಹಾಲು ಕಣ್ಣಿಗೆ ಕೆಟ್ಟದ್ದು, ಮುಟ್ಟಿದ ಮೇಲೆ ಕೈ ತೊಳೆಯಿರಿ. ಮತ್ತೆ, ಗೌಂಡಿ ಗೋಡೆಯ ಅಳತೆಗೆ ದಾರ ಹಿಡಿಯುವ ಮೊದಲೇ ಗಿಡಕ್ಕೆ ಜಾಗ ಅಳೆದಿಡಿ. ಕಟ್ಟಿದ ಮೇಲೆ ಗೋಡೆ ಬಾಗಿಸು ಅಂದರೆ ಎರಡನೇ ಕೂಲಿ ಕೇಳುತ್ತಾನೆ.