ಮುಚ್ಚಳದಡಿಯ ಹಳ್ಳ

ರಸ್ತೆಯಲ್ಲಿರುವ ಮ್ಯಾನ್‌ಹೋಲುಗಳ ಕಬ್ಬಿಣದ ಮುಚ್ಚಳಗಳನ್ನು ತುಳಿಯದೆ ಬಳಸಿಕೊಂಡು ನಡೆಯುವುದು ನನ್ನ ಹಳೆಯ ಚಟ. ಕಾರಿನ ಬ್ರೇಕುಗಳ ಬಲಾಬಲ ಅಳೆದು ಹೊಟ್ಟೆ ಹೊರೆಯುವ ಎಂಜಿನಿಯರನಿಗೆ ಒಂದು ಮುಚ್ಚಳದ ಮೇಲೆ ನಂಬಿಕೆಯಿಲ್ಲವೆಂದರೆ ನೀವು ನಗಬಹುದು. ನನ್ನ ಹೆಂಡತಿ ಸುಜಾತಾ ನಕ್ಕು ನಕ್ಕು ಸಾಕಾಗಿ ಬಿಟ್ಟಿದ್ದಾಳೆ.

ನಾವಿರುವುದು ಸ್ಟುಟ್‌ಗಾರ್ಟಿನ ಉಪನಗರ ಫೊಯರ್‌ಬಾಕ್‌ನಲ್ಲಿ. ದ್ರಾಕ್ಷಿತೋಟದ ಗುಡ್ಡಗಳ ನಡುವೆ ಒಂದು ಹಳ್ಳ ಹರಿಯುತ್ತಿತ್ತು, ಅದರ ದಂಡೆಯಲ್ಲಿ ಹಳ್ಳಿ ಹುಟ್ಟಿತು, ಹಳ್ಳಿಯನ್ನು ಕಾರ್ಖಾನೆಗಳು ನುಂಗಿದವು, ಕಾರ್ಖಾನೆಗಳ ಸಮೇತ ಊರನ್ನು ಮಹಾನಗರ ನುಂಗಿತು. ಈ ಭೋಜನಪರಂಪರೆಯಲ್ಲಿ ಊರಿಗೆ ಹೆಸರು ಕೊಟ್ಟ ಆ ಹಳ್ಳವೇ ಎಲ್ಲಿ ಹೋಯಿತೆಂದು, ಬೇಕರಿಯಲ್ಲೂ ಬಸ್ಸಿನಲ್ಲೂ ‘ನೀವು ಎಲ್ಲಿಯವರು?’ ಎಂದು ಕೇಳಿಸಿಕೊಳ್ಳುವುದರಲ್ಲೇ ಮಗ್ನನಾಗಿದ್ದ ನಾನು ಯಾರನ್ನೂ ಕೇಳಿರಲಿಲ್ಲ. ಕೇಳಿದವರು, ಬಾಣಂತನಕ್ಕೆಂದು ಧಾರವಾಡದಿಂದ ಬಂದ ನನ್ನ ಅತ್ತೆ.

ಮಗಳು ಹುಟ್ಟಿದಾಗಿನಿಂದ ಸಂಜೆಯಾದರೆ ಉಸಿರು ಕಟ್ಟುವಂತೆ ಅಳುತ್ತಿದ್ದಳು. ವೈದ್ಯರು ಏನೂ ಇಲ್ಲವೆಂದರು. ಗಂಗೆಪೂಜೆ ಆಗದ್ದೇ ಕಾರಣವೆಂದರು ಅತ್ತೆ. ಅಡುಗೆಮನೆಯ ನಲ್ಲಿಗೇ ಅರಿಸಿನ ಹಚ್ಚಿ ಮುಗಿಸೋಣವೆಂಬ ನನ್ನ ಸಲಹೆ ಅಲ್ಲೇ ತಿರಸ್ಕೃತವಾಯಿತು.

“ನಳದಾಗ ಬರೂದು ಬರೇ ನೀರು, ಅಳಿಯಂದಿರ. ಗಂಗವ್ವ ಅಲ್ಲ. ಹರಿಯೂ ನೀರು ತೋರಸ್ರಿ.”

ನವೆಂಬರಿನ ಮಬ್ಬು ಸಂಜೆ, ಫೋನಿನ ನಕ್ಷೆಯ ನೀಲಿ ಗೆರೆಯನ್ನು ನಂಬಿ ಬಾಣಂತಿ, ಕೂಸು, ಪೂಜೆಯ ತಟ್ಟೆಗಳ ಮೆರವಣಿಗೆಗೆ ನಾನು ಸಾರಥಿಯಾದೆ. ಗೆರೆ ಓಣಿಯೊಂದರಲ್ಲಿ ಮುಗಿದುಹೋಯಿತು. ಅಲ್ಲಿ ನೀರಿರಲಿಲ್ಲ, ಮುಚ್ಚಳವೊಂದಿತ್ತು. ನಾಯಿಯೊಂದಿಗೆ ಹೊರಟಿದ್ದ ಮುದುಕರೊಬ್ಬರು, ಹಳ್ಳವನ್ನು ಎಂದೋ ಕೊಳವೆಗೆ ಇಳಿಸಿದ್ದಾರೆ, ಅದು ನಿಮ್ಮ ಕಾಲಡಿಯಲ್ಲೇ ನೆಕ್ಕರ್ ನದಿಯತ್ತ ಹೋಗುತ್ತಿದೆ ಎಂದರು. ನಾಯಿ ಮಾತ್ರ ಮುಚ್ಚಳದ ಹತ್ತಿರ ಬರಲೊಲ್ಲದು.

ಅತ್ತೆ ಬಗ್ಗಿ ಕಿವಿಗೊಟ್ಟರು. “ಒಳಗ ಅದಾಳ್ರಿ. ಏನೋ ಕೇಳಾಕತ್ತಾಳ.”

ನಾನೂ ಬಗ್ಗಿದೆ. ಗೋಡೆಯಾಚೆ ಯಾರೋ ತಗ್ಗಿದ ದನಿಯಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಂತಿತ್ತು. ಅತ್ತೆ ಐದು ಕಲ್ಲುಗಳನ್ನು ಅಂಚಿನಲ್ಲಿಟ್ಟು ಪೂಜಿಸಿ, “ಇಕಿ ನಿನ್ನ ಮಗಳವ್ವಾ, ಕಾಯಿ” ಎಂದು ಅಳುತ್ತಿದ್ದ ಕೂಸನ್ನು ಮುಚ್ಚಳದ ಮೇಲೆ ಹಿಡಿದರು. ಕೂಸು ತಟ್ಟನೆ ಸುಮ್ಮನಾಗಿ, ಕತ್ತು ವಾಲಿಸಿ ಆಲಿಸಿತು. ಸಂಜೆಯ ಅಳು ಅಂದಿಗೇ ನಿಂತಿತು. ಸುಜಾತಾ ಖುಷಿಯಿಂದ ಅತ್ತಳು; ನನಗೆ ಮಾತ್ರ, ಮಗಳನ್ನು ಅಲ್ಲಿ ಒಪ್ಪಿಸಿ ಬಂದೆವೇನೋ ಎಂದು ಹೆದರಿಕೆಯಾಯಿತು.

ಅತ್ತೆ ಧಾರವಾಡಕ್ಕೆ ಮರಳಿದರು. ಮಗಳೀಗ ಶಿಶುವಿಹಾರಕ್ಕೆ ಹೋಗುತ್ತಾಳೆ. ನಾನು ಕನ್ನಡದಲ್ಲಿ ಕರೆದರೆ ಜರ್ಮನ್ನಿನಲ್ಲಿ ಓಗೊಡುತ್ತಾಳೆ. ಮುಚ್ಚಳಗಳನ್ನು ನಾನು ಈಗಲೂ ಬಳಸಿಕೊಂಡೇ ನಡೆಯುತ್ತೇನೆ, ಬೀಳುವ ಭಯದಿಂದಲ್ಲ, ಕೆಳಗಿರುವವಳನ್ನು ತುಳಿಯಬಾರದೆಂದು. ಮಗಳಾದರೋ ನನ್ನ ಕೈ ಕೊಸರಿಕೊಂಡು ಆ ಓಣಿಯ ಮುಚ್ಚಳದ ಮೇಲೆಯೇ ಕುಕ್ಕರಗಾಲಲ್ಲಿ ಕೂರುತ್ತಾಳೆ.

“ಏನ್ ಕೇಳ್ತಾಳ ಪುಟ್ಟಿ ಅಕಿ?” ಎಂದೆ ನಿನ್ನೆ, ತಮಾಷೆಗೆಂಬಂತೆ.

“ಎಲ್ಲಿಯವರು ಅಂತ,” ಎಂದಳು ಜರ್ಮನ್ನಿನಲ್ಲೇ.

ಇಷ್ಟು ವರ್ಷ ಈ ಪ್ರಶ್ನೆಗೆ ನಾನು ಧಾರವಾಡ, ಕರ್ನಾಟಕ, ಇಂಡಿಯಾ ಎಂದು ಹಿಗ್ಗಿಸಿ ಹಿಗ್ಗಿಸಿ ಉತ್ತರಿಸಿದ್ದೇನೆ. ಮಗಳು ಕಬ್ಬಿಣಕ್ಕೆ ಕೆನ್ನೆ ತಾಗಿಸಿ, “ಫೊನ್ ಹಿಯರ್,” ಇಲ್ಲಿಯವಳು, ಎಂದಳು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿ, ಕೆಳಗಿನವಳಿಗೆ ನನ್ನ ಬಗ್ಗೆ ಏನು ಹೇಳಲೆಂದು ಕಾದಳು.