ದಾಟದ ಇಳಿಜಾರು

ಆ ಇಳಿಜಾರು ಆ ದಿನ ಕುಸಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಸಂಗತಿ ಕೇಳಿದವರೆಲ್ಲ ಕೊನೆಗೆ ವಿಚಾರಿಸುವುದು ಅದನ್ನೇ. ಕುಸಿಯಲಿಲ್ಲ. ಆದರೂ ನಾನು ಮಾಡಿದ್ದು ಸರಿ.

ಕೊರೊನಾದ ಎರಡನೇ ಚಳಿಗಾಲ. ನಾನು ಜಪಾನಿನ ಸೆಂಡಾಯ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಒಟ್ಟಿಗೆ ಕೂತು ಉಣ್ಣುವಂತಿಲ್ಲ, ಲ್ಯಾಬಿಗೆ ಸರದಿಯ ಮೇಲೆ ಹೋಗಬೇಕು, ಊರಿನಿಂದ ಯಾರೂ ಬರುವಂತಿಲ್ಲ. ಬೆಟ್ಟಕ್ಕೆ ಮಾತ್ರ ಯಾರೂ ಬೀಗ ಹಾಕಿರಲಿಲ್ಲ. ಹಾಗಾಗಿ ಲ್ಯಾಬಿನ ನಾವು ನಾಲ್ವರು ಹಿಮದಲ್ಲಿ ನಡೆಯಲು ಹೋಗತೊಡಗಿದೆವು: ನಾವು ಸೆನ್ಪಾಯಿ ಎಂದು ಕರೆಯುತ್ತಿದ್ದ ಲ್ಯಾಬಿನ ಹಿರಿಯ, ಅವನ ಗೆಳೆಯ, ನನಗಿಂತ ಚಿಕ್ಕವಳಾದ ಒಬ್ಬ ಹುಡುಗಿ, ಮತ್ತೆ ನಾನು. ಹಿಮಕುಸಿತದ ಬಗ್ಗೆ ತರಬೇತಿಯನ್ನೂ ನಾಲ್ವರೂ ಪಡೆದಿದ್ದೆವು.

ಆ ಬೆಳಿಗ್ಗೆ ಒಳ್ಳೆಯ ಬಿಸಿಲು. ಅದರ ಹಿಂದಿನ ದಿನಗಳಲ್ಲಿ ಹಿಮ ಸುರಿದಿತ್ತು, ಗಾಳಿ ಅದನ್ನೆಲ್ಲ ಬೆಟ್ಟದ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ತಂದು ಪೇರಿಸಿತ್ತು. ನಾವು ದಾಟಬೇಕಿದ್ದ ಇಳಿಜಾರು ಅದೇ. ಸೆನ್ಪಾಯಿ ಅಂಚಿನಲ್ಲಿ ಗುಂಡಿ ತೋಡಿ, ಹಿಮವನ್ನು ಕಂಬದಂತೆ ಕತ್ತರಿಸಿ, ಅದರ ಮೇಲೆ ಸಲಿಕೆಯಿಟ್ಟು ಕೈಯಿಂದ ತಟ್ಟಿದ. ಮೆಲ್ಲಗೆ ತಟ್ಟಿದ್ದಕ್ಕೇ ಮೇಲಿನ ಗಟ್ಟಿ ಪದರ ಇಡಿಯಾಗಿ ಜಾರಿ ಅವನ ಮೊಣಕಾಲ ಮೇಲೆ ಬಿತ್ತು. ಅದರಡಿಯಲ್ಲಿ ಒಂದಕ್ಕೊಂದು ಅಂಟದ ಹರಳುಗಳು, ದಪ್ಪ ಸಕ್ಕರೆಯ ಹಾಗೆ. ಕಾಲಿಟ್ಟರೆ ಇಡೀ ಇಳಿಜಾರು ಹೀಗೆಯೇ ಜಾರಬಹುದೆಂದು ನಾಲ್ವರಿಗೂ ಗೊತ್ತಿತ್ತು.

"ಸ್ವಲ್ಪ ವೀಕ್ ಇದೆ, ಅಲ್ವಾ?" ಎಂದ ಸೆನ್ಪಾಯಿ.

"ಸ್ವಲ್ಪ," ಎಂದ ಗೆಳೆಯ. ಹುಡುಗಿ ಹೌದೆಂದು ತಲೆಯಾಡಿಸಿದಳು.

ಅಷ್ಟೇ. ಮೂವರೂ ಬ್ಯಾಗ್ ಏರಿಸಿಕೊಂಡು, ಒಬ್ಬೊಬ್ಬರಾಗಿ ದಾಟಲು ಸಾಲಾಗಿ ನಿಂತರು. ಎದುರಿನವರ ಮನಸ್ಸಿಗೆ ಬೇಸರ ಮಾಡಬಾರದೆಂಬ ಜಪಾನಿನವರ ಆ ನಯ ನನಗೆ ರೈಲಿನಲ್ಲಿ, ಅಂಗಡಿಯಲ್ಲಿ ತುಂಬ ಇಷ್ಟ. ಅಲ್ಲಿ ಮಾತ್ರ ಮೈಯೆಲ್ಲ ಉರಿಯಿತು. ನಾನು ಹಿಮದ ಮೇಲೆ ಕೂತುಬಿಟ್ಟೆ.

"ನಾನ್ ಬರಲ್ಲ."

"ನೀವು ಇಲ್ಲೇ ವೇಟ್ ಮಾಡಿ," ಸೆನ್ಪಾಯಿ ಮೆತ್ತಗೆ ಹೇಳಿದ. "ನಾವು ಬೇಗ ಹೋಗ್ಬಂದ್ಬಿಡ್ತೀವಿ."

ನನ್ನ ಹರಕು ಜಪಾನಿಯಲ್ಲಿ ನಾನು ಕೂಗಿದ್ದು ಹೆಚ್ಚುಕಡಿಮೆ ಹೀಗೆ: "ನೀವ್ ಮೂರು ಜನ ಹೂತುಹೋದ್ರೆ ಅಗೆಯೋಕೆ ನಾನೊಬ್ಳೇ. ನಾನು ಹೂತುಹೋದ್ರೆ? ನನ್ ಹೆಣ ನೋಡೋಕೂ ನಮ್ಮಪ್ಪ ಅಮ್ಮಂಗೆ ವೀಸಾ ಸಿಗಲ್ಲ. ಫೋನಲ್ಲಿ ನೋಡ್ಕೊಂಡು ಅಳ್ಬೇಕಾ ಅವ್ರು? ನಾನೂ ಹೋಗಲ್ಲ, ನಿಮ್ಮನ್ನೂ ಬಿಡಲ್ಲ!"

ಕಣ್ಣಲ್ಲಿ ನೀರು ಬಂತು, ಭಯಕ್ಕಿಂತ ಹೆಚ್ಚಾಗಿ ಸಿಟ್ಟಿಗೆ. ಅದೇ ವರ್ಷ ತೀರಿಕೊಂಡ ನನ್ನ ಅಜ್ಜಿಯನ್ನು ನಾನು ಹಾಗೆಯೇ, ಫೋನಿನ ಪರದೆಯಲ್ಲೇ ನೋಡಿ ಕಳುಹಿಸಿಕೊಟ್ಟಿದ್ದೆ.

ಅಷ್ಟರಲ್ಲಿ ಸ್ಕೀ ಹಾಕಿಕೊಂಡ ಬೇರೊಂದು ಗುಂಪು ಬಂತು. ನಮಗೆ ತಲೆಬಾಗಿಸಿ, ಅದೇ ಇಳಿಜಾರಿಗೆ ಇಳಿದು, ಕೇಕೆ ಹಾಕುತ್ತ ಕೆಳಗೆ ತಲುಪಿತು. ಏನೂ ಆಗಲಿಲ್ಲ. ಕೆಳಗಿನಿಂದ ಕೈಬೀಸಿದರು ಬೇರೆ! ನನಗೆ ನಾಚಿಕೆಯಾಗಬೇಕಿತ್ತೇನೋ, ಆಗಲಿಲ್ಲ. ಅವರ ಅದೃಷ್ಟ ಚೆನ್ನಾಗಿದ್ದ ಮಾತ್ರಕ್ಕೆ ನಮ್ಮ ಗುಂಡಿಯಲ್ಲಿ ಕಂಡದ್ದು ಸುಳ್ಳಾಗುತ್ತದೆಯೇ? ನಾನು ಕೂತಲ್ಲಿಂದ ಏಳಲಿಲ್ಲ.

ಸೆನ್ಪಾಯಿ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ವಾಪಸ್ ಹೋಗೋಣ," ಎಂದ.

ಕಾರಿನಲ್ಲಿ ಮಾಸ್ಕು, ತೆರೆದ ಕಿಟಕಿ, ಚಳಿಗಾಳಿ. ಇನ್ನು ಮುಂದೆ ನನ್ನನ್ನು ಕರೆಯುವುದಿಲ್ಲವೆಂದೇ ಅಂದುಕೊಂಡೆ. ಕರೆಯದಿದ್ದರೆ ಬೇಡ. ದಾರಿಯಲ್ಲಿ ಕೊಂಬಿನಿ ಎಂಬ ಸಣ್ಣ ಅಂಗಡಿಯ ಎದುರು ಕಾಫಿ ಹಿಡಿದು ದೂರದೂರ ನಿಂತಿದ್ದಾಗ ಆ ಹುಡುಗಿ ನೆಲ ನೋಡುತ್ತ ಹೇಳಿದಳು:

"ನಂಗೂ ದಾಟೋದು ಬೇಡ ಅನ್ಸಿತ್ತು."

"ನಂಗೂ," ಎಂದ ಗೆಳೆಯ.

ಸೆನ್ಪಾಯಿ ಕಾಫಿ ಲೋಟದ ಮುಚ್ಚಳ ತೆಗೆದು ಮತ್ತೆ ಹಾಕಿದ. "ನಂಗೂ," ಎಂದ ಕೊನೆಗೆ. "ನೀವೆಲ್ಲ ಆಸೆಯಿಂದ ಬಂದಿದೀರಿ ಅಂತ..."

ನನ್ನ ಬಾಯಿಗೆ ಬಂದ ಬೈಗುಳವೆಲ್ಲ ಕನ್ನಡದ್ದೇ. ಸಾಯಲು ಮನಸ್ಸಿಲ್ಲದ ಮೂವರು, ಒಬ್ಬರಿಗೊಬ್ಬರು ಬೇಸರವಾಗದಿರಲೆಂದು, ಅಲ್ಲಿ ಸಾಲಾಗಿ ನಿಂತಿದ್ದರು.