ಅಗಳಿ ಹಾಕದ ಬಾಗಿಲು

ಒಂದು ನೋವು ಇಳಿದು ಇನ್ನೊಂದು ಏರುವ ನಡುವಿನ ಬಿಡುವಿನಲ್ಲಿ, ಎದುರುಮನೆಯ ಖಾಜಾಬಿಯ ಎದೆಗೆ ಬೆನ್ನು ಕೊಟ್ಟು ನಾನು ಒಳಕೋಣೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ಆಗಲೇ ಬಡಿಗೆ ಹಿಡಿದವರು ಬಾಗಿಲಿಗೆ ಬಂದರು.

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದ ವಾರ ಅದು. ರಜಾಕಾರರ ಮೇಲಿನ ಸೇಡಿಗೆ ಭಾಲ್ಕಿಯ ನಮ್ಮ ಓಣಿಯಲ್ಲಿ ಮುಸಲ್ಮಾನರನ್ನು ಹುಡುಕುತ್ತಿದ್ದರು. ಹೆರಿಗೆಯ ಮನೆಯಲ್ಲಿ ಗಂಟು, ಕೀಲಿ, ಅಗಳಿ ಯಾವುದೂ ಬಿಗಿದಿರಬಾರದೆಂಬುದು ನಮ್ಮ ರೂಢಿ. ಹಾಗಾಗಿ ಓಣಿಗೆಲ್ಲ ತೆರೆದಿದ್ದುದು ನಮ್ಮ ಬಾಗಿಲೊಂದೇ. ಖಾಜಾಬಿ ತನ್ನ ಹೆಣ್ಣುಮಕ್ಕಳನ್ನು ಕರೆದುಕೊಂಡು ಓಡಿ ಬಂದದ್ದೂ ಅದರಿಂದಲೇ.

ಅತ್ತೆ ಹೊಸ್ತಿಲ ಮೇಲೆ ನಿಂತರು. "ಸೊಸಿ ಬ್ಯಾನಿ ತಿನ್ಲಾಕತ್ಯಾಳ. ಗಂಡಸರು ಒಳಗ ಬರಬ್ಯಾಡ್ರಿ."

"ಮತ್ತ ಸಪ್ಪಳನೇ ಇಲ್ಲಲ್ಲ?" ಎಂದನೊಬ್ಬ.

ನೋವು ಬಂದು ಹೋಗಿ, ಬಂದು ಹೋಗಿಯೇ ಮಗು ಕೆಳಗಿಳಿಯುತ್ತದೆ, ನಡುವೆ ಸುಮ್ಮನಿದ್ದು ಉಸಿರು ಕೂಡಿಸಿಕೊಳ್ಳುವುದೂ ಹೆರಿಗೆಯ ಕೆಲಸವೇ ಎಂದು ಆ ಗಂಡಸಿಗೇನು ಗೊತ್ತು? ಖಾಜಾಬಿ ತನ್ನ ಹೆಣ್ಣುಮಕ್ಕಳನ್ನು ಬೆನ್ನ ಹಿಂದೆ ಸರಿಸಿಕೊಂಡಳು. ನಾನು ಕೂಗಿದೆ. ಇಡೀ ಓಣಿಗೆ ಕೇಳುವಂತೆ ಕೂಗಿದೆ. ಬಾಗಿಲಲ್ಲಿದ್ದವರು ಮುಖ ಮುಖ ನೋಡಿಕೊಂಡು ಹೊರಟುಹೋದರು.

ನಿಜವಾದ ನೋವು ಆಮೇಲೆ ಏರಿತು. ಹೊತ್ತು ಮುಳುಗುವ ಮೊದಲೇ ಮಗಳು ಹುಟ್ಟಿದಳು. ಹೊಕ್ಕುಳಬಳ್ಳಿ ಕತ್ತರಿಸಿದ ಅತ್ತೆ, ಕೂಸನ್ನು ಮೊದಲು ಇಟ್ಟದ್ದು ಖಾಜಾಬಿಯ ಮಡಿಲಲ್ಲಿ.

ಆ ಮಗಳ ಬೆನ್ನಿಗೆ ಇನ್ನೂ ಮೂವರನ್ನು ಹೆತ್ತೆ, ಪ್ರತಿ ಸಲವೂ ಕೂಗಿದೆ. ಆದರೆ ಈ ಮುಪ್ಪಿನಲ್ಲೂ ಹೆಮ್ಮೆಯಿಂದ ನೆನೆಯುವುದು, ಒಂದಿಷ್ಟೂ ನೋವಿಲ್ಲದೆ ಕೂಗಿದ ಆ ಒಂದು ಕೂಗನ್ನು.